ಒಡ್ಡಿನ ಕೆಳಗಿನ ಮನೆಗಳು

ನಮ್ಮೂರು ಕೊರ್ಲಹಳ್ಳಿ ತುಂಗಭದ್ರೆಯ ದಂಡೆಯ ಮೇಲಿದ್ದರೂ ನಮ್ಮ ಮನೆತನದ ಹೊಲವು ಹೊಳೆಯಿಂದ ದೂರ, ಎತ್ತರದಲ್ಲಿದೆ. ಆದಕಾರಣ ಲಿಂಗೈಕ್ಯರಾದ ನಮ್ಮ ಅಣ್ಣನವರು ಹೊಲದೊಳಗಿನ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಒಡ್ಡೊಂದನ್ನು ಹಾಕಿಸಿದ್ದರು. ಎತ್ತರ ಮೂರಾಳು, ಅಂದರೆ ಸುಮಾರು 5 ಮೀಟರು. ಈಚೆಗೆ ಅವರ ಮಗನು ಅದನ್ನು ಇನ್ನೊಂದು ಮೀಟರು ಏರಿಸಲು ಹೊರಟಾಗ ನಾನು ಬೇಡವೆಂದೆ.

“ಕಾಕಾ, ನೀವು ಮಠದಾಗ ವ್ಯಾಕರಣ ಓದಿದವರು. ಮಣ್ಣಿನ ಕೆಲಸ ನಮಗ ಬಿಡ್ರಿ. ಇದು ಸಣ್ಣ ಒಡ್ಡು, ಸರಕಾರದ ಲೆಕ್ಕಕ್ಕೂ ಬರಂಗಿಲ್ಲ” ಎಂದನು.

ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯು 15 ಮೀಟರಿಗಿಂತ ಎತ್ತರವಾದ ಅಣೆಕಟ್ಟುಗಳಿಗೂ, 10ರಿಂದ 15 ಮೀಟರಿನವುಗಳಲ್ಲಿ ಕೆಲವಕ್ಕೂ ಅನ್ವಯಿಸುತ್ತದೆ. ನಮ್ಮ ಒಡ್ಡು ಅದರ ಕಣ್ಣಿಗೆ ಬೀಳದು. ಆದರೆ ವರ್ಗೀಕರಣವೆಂದೊಡನೆ ವ್ಯಾಕರಣ ಓದಿದವನು ಕೇಳುವ ಪ್ರಶ್ನೆ ಒಂದೇ: ಯಾವ ಲಕ್ಷಣವನ್ನು ಹಿಡಿದು ವರ್ಗ ಮಾಡಿದರು? ಪರಿಚಯದ ನಿವೃತ್ತ ಇಂಜಿನಿಯರರೊಬ್ಬರನ್ನು ವಿಚಾರಿಸಿದೆ. ಅಪಾಯದ ವರ್ಗವನ್ನು ಕಟ್ಟೆಯ ಗಟ್ಟಿತನ ನೋಡಿ ಹೇಳುವುದಲ್ಲವಂತೆ. ಅದು ಒಡೆದರೆ ಕೆಳಗೆ ಏನೇನು ಹಾಳಾಗುವುದೆಂಬುದನ್ನು ನೋಡಿ ಹೇಳುವುದಂತೆ. ಅಮೆರಿಕೆಯಲ್ಲಿ ಅಲ್ಪ, ಗಣನೀಯ, ಅಧಿಕ ಎಂದು ಮೂರು ವರ್ಗಗಳು. ಒಂದೇ ಒಂದು ಜೀವ ಹೋಗುವ ಸಂಭವವಿದ್ದರೂ ಅದು ಅಧಿಕ ಅಪಾಯದ್ದು, ಕಟ್ಟೆಯು ನಿನ್ನೆ ಕಟ್ಟಿದ್ದಾದರೂ ಸರಿಯೇ. ನಮ್ಮ ಕೇಂದ್ರ ಜಲ ಆಯೋಗದ ಮಾರ್ಗಸೂಚಿಯೂ ಕೆಳಗಿನವರ ಹಾನಿಯನ್ನೇ ಆಧಾರವಾಗಿ ಹಿಡಿಯುತ್ತದೆ.

ಅಣ್ಣನವರು ಒಡ್ಡು ಹಾಕಿಸಿದಾಗ ಕೆಳಗೆ ಬರಿಯ ಜೋಳದ ಹೊಲವಿತ್ತು. ಇಂದು ಅಲ್ಲಿ ನಮ್ಮಲ್ಲಿಯೇ ದುಡಿಯುವ ಎರಡು ಕುಟುಂಬಗಳ ಮನೆಗಳಿವೆ. ಜಾಗವನ್ನು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟೆವು. ಹೂಂ ಎಂದವರಲ್ಲಿ ನಾನೂ ಒಬ್ಬ. ಒಡ್ಡಿನ ಒಂದು ಬುಟ್ಟಿ ಮಣ್ಣೂ ಕದಲಲಿಲ್ಲ, ಆದರೆ ಅದರ ವರ್ಗ ಬದಲಾಯಿತು.

ಇಂಜಿನಿಯರರೊಡನೆ ಒಡ್ಡಿನ ಮೇಲೆ ನಡೆದೆ. ಎರೆಮಣ್ಣು ಬಿಸಿಲಿಗೆ ಬಿರಿದು ಕೈ ಇಳಿಯುವಷ್ಟು ಸೀಳುಗಳಾಗಿದ್ದವು. ಎರೆಮಣ್ಣು ಒಡ್ಡಿನ ಹೊಟ್ಟೆಯೊಳಗಿರಬೇಕು, ಮೇಲೆ ಗರಸಿನ ಹೊದಿಕೆ ಬೇಕು. ನಮ್ಮಲ್ಲಿ ಹೊದಿಕೆಯೇ ಇಲ್ಲ. ಜಾಲಿ ಬೆಳೆದಿದೆ, ಅದು ಸತ್ತು ಬೇರು ಕೊಳೆತರೆ ಆ ಪೊಳ್ಳೇ ನೀರಿಗೆ ದಾರಿ. ಹೆಗ್ಗಣದ ಬಿಲಗಳೂ ಕಂಡವು. ಬುಡದಲ್ಲಿ ತಿಳಿನೀರು ಜಿನುಗಿದರೆ ಕಾದು ನೋಡಬಹುದು, ಕದಡಿದ ನೀರು ಬಂದರೆ ಒಳಗಿನ ಮಣ್ಣು ಹೊರಡುತ್ತಿದೆಯೆಂದೇ ತಿಳಿಯಬೇಕು ಎಂದರು. ಎಲ್ಲಕ್ಕಿಂತ ದೊಡ್ಡ ಕೊರತೆ ಕೋಡಿಯದು. ಹಸ್ತೆ-ಚಿತ್ತೆಯ ಮಳೆ ಒಂದೇ ರಾತ್ರಿ ಹಳ್ಳ ತುಂಬಿಸಿದರೆ ಹೆಚ್ಚಿನ ನೀರು ಹೋಗಲು ಒಂದು ಸಣ್ಣ ತೂಬಲ್ಲದೆ ಬೇರೆ ದಾರಿಯಿಲ್ಲ. ಮಣ್ಣಿನ ಒಡ್ಡು ನೀರನ್ನು ತಡೆಯಬಲ್ಲುದು, ನೆತ್ತಿಯ ಮೇಲೆ ಹರಿಯಗೊಡಲಾರದು. ಹರಿದರೆ ಬೆನ್ನನ್ನು ಕೊರೆದು ಕೆಲವೇ ತಾಸುಗಳಲ್ಲಿ ಒಡೆದುಬಿಡುತ್ತದೆ. ನೆಲದೊಳಗೆ ಅಗೆದ ಕೃಷಿ ಹೊಂಡಕ್ಕೆ ಈ ಭಯವಿಲ್ಲ, ಅಲ್ಲಿ ನೀರು ನೆಲಕ್ಕಿಂತ ಕೆಳಗಿರುತ್ತದೆ.

ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿ 2019ರ ಜುಲೈ 2ರ ರಾತ್ರಿ ಮಣ್ಣಿನ ಅಣೆಕಟ್ಟು ಒಡೆದು ಸುಮಾರು 20 ಜನ ಕೊಚ್ಚಿಹೋದರು. ಸೋರುತ್ತಿದೆಯೆಂದು ಊರವರು ಮೊದಲೇ ದೂರಿದ್ದರು. ಏಡಿಗಳು ಕೊರೆದುದರಿಂದ ಒಡೆಯಿತೆಂದು ಮಂತ್ರಿಗಳೊಬ್ಬರು ಹೇಳಿದ್ದನ್ನು ವಾಚಕರು ಓದಿರಬಹುದು. ಪಾಪ, ಏಡಿಗಳು!

ಇದನ್ನೆಲ್ಲ ಹೇಳಿದರೂ ಹುಡುಗನು ಕೋಡಿಗೆ ಎರಡು ಗುಂಟೆ ಹೊಲ ಹೋಗುವುದೆಂದೇ ವಾದಿಸಿದನು. ಆಗ ಕೆಳಮನೆಯ ಮುದುಕಿ, ಕಟ್ಟಿಗೆಯ ಹೊರೆ ಇಳಿಸಿ, “ಜೋರ ಮಳಿ ಬಂದ ರಾತ್ರಿ ನಾವು ಮಲಗೂದಿಲ್ರೀ ಅಜ್ಜಾರ, ಕೂಸುಗಳ್ನ ತೊಡಿಮ್ಯಾಲೆ ಹಾಕ್ಕೊಂಡು ಕುಂದರ್ತೀವಿ” ಎಂದಳು. ಇಷ್ಟು ವರ್ಷ ನಮಗೇಕೆ ಹೇಳಲಿಲ್ಲವೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಹುಡುಗನು ತಲೆ ತಗ್ಗಿಸಿ ಒಡ್ಡಿನಿಂದ ಇಳಿದು ಹೋದನು.

ಕೋಡಿಯು ಹೊಸ ಮಣ್ಣಿನಲ್ಲಿರದೆ ಬದಿಯ ಗಟ್ಟಿನೆಲದಲ್ಲಿರಬೇಕಾದ್ದರಿಂದ ನನ್ನ ಪಾಲಿನ ಮಡ್ಡಿಯಲ್ಲಿ ಗುರುತು ಹಾಕಿದ್ದೇವೆ. ಅಗಲ ಎಷ್ಟೆಂಬುದು ಇನ್ನೂ ತೀರ್ಮಾನವಾಗಿಲ್ಲ. ಹಳ್ಳದ ಹರಿವನ್ನು ಅಳೆದು ಹೇಳಲು ಇಂಜಿನಿಯರರು ಸೋಮವಾರ ಬರುವವರಿದ್ದಾರೆ. ಅಲ್ಲಿಯವರೆಗೆ ತೂಬನ್ನು ತೆರೆದೇ ಇಟ್ಟಿದ್ದೇವೆ.