ಪೀಠ ಬಿಟ್ಟು ಹೊಳೆಗೆ ಹೋದ ಜಡ್ಜ್

ನಮ್ಮಲ್ಲಿ ಹೈಕೋರ್ಟ್ ಜಡ್ಜ್ ಆಗಬೇಕಾದರೆ ಯಾರೂ ಓಟು ಕೇಳುವುದಿಲ್ಲ. ಅಮೆರಿಕದ ಮಿಷಿಗನ್‌ನಲ್ಲಿ ಕೇಳುತ್ತಾರೆ. ಅಲ್ಲಿ ರಾಜ್ಯಕ್ಕೇ ಒಂದು ಸುಪ್ರೀಂ ಕೋರ್ಟ್ ಉಂಟು. ಅದರ ಜಡ್ಜ್‌ಗಳು ಜನರೆದುರು ನಿಂತು ಗೆಲ್ಲಬೇಕು. ಹಾಗೆ ಗೆದ್ದೂ, ಅವಧಿ ಬಾಕಿ ಇರುವಾಗಲೇ ಎದ್ದುಹೋದ ಒಬ್ಬರ ಮೇಲೆ ನನಗೆ ಬಲು ಪ್ರೀತಿ. ಹೆಸರು ಜಾನ್ ವೋಲ್ಕರ್.

ಹುಟ್ಟಿದ್ದು 1903ರಲ್ಲಿ, ಇಷ್ಪೆಮಿಂಗ್ ಎಂಬ ಕಬ್ಬಿಣದ ಗಣಿಯೂರಲ್ಲಿ. ಅಪ್ಪನದು ಸಾರಾಯಿ ಅಂಗಡಿ. ಮಗ ಲಾ ಓದಿ ಷಿಕಾಗೋದ ವಕೀಲರ ಕಂಪನಿಯೊಂದರಲ್ಲಿ ಕೆಲವು ವರ್ಷ ದುಡಿದರು. ಮನಸ್ಸು ನಿಲ್ಲಲಿಲ್ಲ, ಕಾಡು, ಹೊಳೆ, ಟ್ರೌಟ್ ಮೀನು ಕರೆಯುತ್ತಿದ್ದವು. ಊರಿಗೆ ಮರಳಿ ಸರ್ಕಾರಿ ಪ್ರಾಸಿಕ್ಯೂಟರ್ ಆದರು. ಅದೂ ಚುನಾವಣೆಯ ಹುದ್ದೆಯೇ, 1950ರಲ್ಲಿ ಸೋತರು.

ಆ ಸೋಲೇ ಬಾಗಿಲು ತೆರೆಯಿತು. 1952ರಲ್ಲಿ ಬಿಗ್ ಬೇ ಎಂಬ ಹಳ್ಳಿಯ ಬಾರಿನಲ್ಲಿ ಸೈನ್ಯದ ಲೆಫ್ಟಿನೆಂಟ್ ಒಬ್ಬ ಮಾಲೀಕನನ್ನು ಗುಂಡಿಟ್ಟು ಕೊಂದ. ಇಷ್ಟು ವರ್ಷ ಆರೋಪಿಗಳ ವಿರುದ್ಧ ವಾದಿಸಿದ್ದ ವೋಲ್ಕರ್ ಈಗ ಆರೋಪಿಯ ಪರ ನಿಂತರು. ಆ ಹೊತ್ತಿಗೆ ಅವನ ಬುದ್ಧಿ ಸ್ವಾಧೀನದಲ್ಲಿರಲಿಲ್ಲವೆಂದು ಜ್ಯೂರಿ ಬಿಡುಗಡೆ ಮಾಡಿತು. ಅದರಿಂದಲೇ ಹುಟ್ಟಿದ ಕಾದಂಬರಿ 'ಅನಾಟಮಿ ಆಫ್ ಎ ಮರ್ಡರ್'. ರಾಬರ್ಟ್ ಟ್ರೇವರ್ ಎಂಬ ಹೆಸರಲ್ಲಿ 1958ರಲ್ಲಿ ಅಚ್ಚಾಗುವ ಹೊತ್ತಿಗೆ, ಮೊದಲು ರಾಜ್ಯಪಾಲರ ನೇಮಕದಿಂದ, ಆಮೇಲೆ ಜನರ ಓಟಿನಿಂದ, ಅವರು ಸುಪ್ರೀಂ ಕೋರ್ಟ್ ಪೀಠದಲ್ಲಿದ್ದರು. ಮರುವರ್ಷ ಆಟೊ ಪ್ರೆಮಿಂಜರ್ ಆ ಊರುಗಳಿಗೇ ಬಂದು ಚಿತ್ರ ತೆಗೆದರು. ಅದರಲ್ಲಿ ಜಡ್ಜ್ ಪಾತ್ರ ಮಾಡಿದವರು ಜೋಸೆಫ್ ವೆಲ್ಚ್, ಕಂಡವರ ಮೇಲೆಲ್ಲ ಕಮ್ಯುನಿಸ್ಟ್ ಎಂಬ ಆರೋಪ ಹೊರಿಸುತ್ತಿದ್ದ ಸೆನೆಟರ್ ಮೆಕಾರ್ಥಿಯನ್ನು 1954ರಲ್ಲಿ ಎಲ್ಲರೆದುರು ತಡೆದು ನಿಲ್ಲಿಸಿದ ನಿಜವಾದ ವಕೀಲ. ಆ ಮುಖದಲ್ಲಿ ನಟನೆ ಹುಡುಕಿದರೂ ಕಾಣುವುದಿಲ್ಲ.

ದುಡ್ಡು ಬಂತು, ಹೆಸರು ಬಂತು. ತೀರ್ಪನ್ನು ಬೇರೆಯವರೂ ಬರೆದಾರು, ತನ್ನ ಪುಸ್ತಕವನ್ನು ಬೇರಾರು ಬರೆಯುತ್ತಾರೆ ಎಂಬುದು ಅವರ ವಾದ. ರಾಜೀನಾಮೆ ಕೊಟ್ಟು ಹೊರಟರು. ಜವಾಬ್ದಾರಿ ತಪ್ಪಿಸಿಕೊಂಡರು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, 1965ರ ಅವರ ಕಾದಂಬರಿ 'ಲಾಫಿಂಗ್ ವೈಟ್‌ಫಿಷ್' ನನ್ನ ಸಾಕ್ಷಿ. ಅದರ ಬೆನ್ನಿಗಿರುವುದು ನಿಜವಾದ ಒಂದು ಮೊಕದ್ದಮೆ.

ಓಜಿಬ್ವೆ ಬುಡಕಟ್ಟಿನ ಮುಖಂಡ ಮಾರ್ಜಿ ಗೆಸಿಕ್ 1845ರಲ್ಲಿ ಬಿಳಿಯರಿಗೆ ಕಬ್ಬಿಣದ ಅದಿರಿನ ಜಾಗ ತೋರಿಸಿದ. ಜ್ಯಾಕ್ಸನ್ ಕಂಪನಿ ಅವನಿಗೆ ಪಾಲು ಕೊಡುವುದಾಗಿ ಕಾಗದ ಬರೆದುಕೊಟ್ಟಿತು, ಕೊಡಲಿಲ್ಲ. ಅವನ ಮಗಳು ಶಾರ್ಲಟ್ ಕೋರ್ಟು ಹತ್ತಿದಳು. ಕಂಪನಿಯ ವಾದ ಕೇಳಿ: ಅಪ್ಪನಿಗೆ ಒಬ್ಬಳಿಗಿಂತ ಹೆಚ್ಚು ಹೆಂಡಿರು, ಆದ್ದರಿಂದ ಇವಳು ಹಕ್ಕಿನ ವಾರಸುದಾರಳೇ ಅಲ್ಲ! ಮಿಷಿಗನ್ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಅವರ ಮದುವೆಗೆ ಅವರ ಕುಲದ ಕಟ್ಟಳೆಯೇ ಪ್ರಮಾಣ ಎಂದು 1889ರಲ್ಲಿ ಶಾರ್ಲಟ್‌ಳ ಪರ ತೀರ್ಪಾಯಿತು. ಗಣಿ, ಬುಡಕಟ್ಟು, ಮುರಿದ ಮಾತು: ಬಳ್ಳಾರಿ ಸೀಮೆಯ ಕಥೆ ಕೇಳಿ ಬೆಳೆದ ನಮಗೆ ಇದು ದೂರದ್ದೆನಿಸುವುದಿಲ್ಲ.

ಆ ತೀರ್ಪು ಕಾನೂನು ವರದಿಯ ಸಂಪುಟದಲ್ಲಿ ಮಲಗಿತ್ತು. ತಾವೇ ಕೂತಿದ್ದ ಕೋರ್ಟಿನ ಆ ಹಳೇ ನ್ಯಾಯವನ್ನು ವೋಲ್ಕರ್ ಕಥೆಯಾಗಿಸಿ ಓದುಗರ ಕೈಗಿಟ್ಟರು. 1991ರಲ್ಲಿ ತೀರಿಕೊಳ್ಳುವ ತನಕ ಅವರು ಆ ಕಾಡಿನ ಸೀಮೆ ಬಿಡಲಿಲ್ಲ. ಅವರ ಪುಸ್ತಕ ಸಿಕ್ಕರೆ ಶಾರ್ಲಟ್‌ಳ ಕಥೆಯನ್ನೇ ಮೊದಲು ಓದಿ. ಕೊಲೆಯದ್ದು ಆಮೇಲಾದರೂ ಆದೀತು.