ಹಳಿಯಿಲ್ಲದ ಡ್ರಮ್ಮಿನ ರೈಲು

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಅಕ್ಟೋಬರ್ ಬಂತೆಂದರೆ ಕುಂಬಳಕಾಯಿ ತೋಟಗಳಿಗೆ ಜಾತ್ರೆಯ ಕಳೆ. ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗಳೊಂದಿಗೆ ಅಂಥ ಒಂದು ತೋಟಕ್ಕೆ ಹೋದೆ. ಕುಂಬಳಕಾಯಿಗಿಂತ ನನಗೆ ಹಿಡಿಸಿದ್ದು ಅಲ್ಲಿನ ರೈಲು. ನಮ್ಮ ಕಬ್ಬನ್ ಪಾರ್ಕಿನ ಪುಟಾಣಿ ರೈಲಿಗೆ ಹಳಿ ಉಂಟು. ಇದಕ್ಕೆ ಅದೂ ಇಲ್ಲ. ಹುಲ್ಲಿನ ಮೇಲೇ ಓಟ!

ಹುಲ್ಲು ಕತ್ತರಿಸುವ ಪುಟ್ಟ ಟ್ರ್ಯಾಕ್ಟರೇ ಎಂಜಿನ್. ಬೋಗಿಗಳೆಲ್ಲ 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು. ಅಡ್ಡ ಮಲಗಿಸಿ, ಮೇಲ್ಭಾಗ ಕತ್ತರಿಸಿ, ಒಳಗೆ ಸೀಟು, ಕೆಳಗೆ ಕಬ್ಬಿಣದ ಚೌಕಟ್ಟು, ಎರಡು ಚಕ್ರ. ಅಂಚು ಕೈ ಕೊಯ್ಯದಂತೆ ಸೀಳಿದ ರಬ್ಬರ್ ಪೈಪು ಹೊದಿಸಿದ್ದರು.

ಕಟ್ಟಿದ ರೈತರು ನನ್ನ ವಯಸ್ಸಿನವರೇ. ಡ್ರಮ್ಮಿನಲ್ಲಿ ಮೊದಲು ಏನಿತ್ತೆಂದು ಕೇಳಿದೆ. ಹಣ್ಣಿನ ರಸವಂತೆ. ಕೀಟನಾಶಕದ ಡ್ರಮ್ಮು ಪುಕ್ಕಟೆ ಸಿಕ್ಕರೂ, ಎಷ್ಟು ತೊಳೆದರೂ ಮಕ್ಕಳಿಗೆ ಬೇಡ ಎಂದರು.

ಅವರು ಹೆಚ್ಚು ತಲೆ ಕೆಡಿಸಿಕೊಂಡದ್ದು ಕೊಂಡಿಗಳಿಗೆ. ಹಳಿ ಇಲ್ಲವಲ್ಲ, ತಿರುವಿನಲ್ಲಿ ಪ್ರತಿ ಬೋಗಿಯೂ ತನ್ನ ಮುಂದಿನದಕ್ಕಿಂತ ತುಸು ಒಳಕ್ಕೆ ಸರಿಯುತ್ತದೆ. ಎಂಜಿನ್ ಮರ ದಾಟಿದರೂ ಕೊನೆಯ ಬೋಗಿ ಮರಕ್ಕೆ ತಾಗೀತು! ಕೊಂಡಿಯನ್ನು ಹಿಂದುಮುಂದಿನ ಚಕ್ರಗಳ ನಡುಮಧ್ಯೆ ಇಟ್ಟರೆ ಬೋಗಿಗಳು ಹೆಚ್ಚುಕಡಿಮೆ ಒಂದೇ ಜಾಡಿನಲ್ಲಿ ಬರುತ್ತವೆ.

ಮೊಮ್ಮಗಳು ಹತ್ತಿದ್ದು ಕೊನೆಯ ಬೋಗಿಯನ್ನೇ. ಪಕ್ಕದ ದಿಬ್ಬ ಹತ್ತಿಸಬೇಕೆಂದು ಹಠ. ರೈತರು ಒಪ್ಪಲಿಲ್ಲ. ಬೋಗಿಗಳಿಗೆ ಬ್ರೇಕಿಲ್ಲ, ಇಳಿಯುವಾಗ ಅವೆಲ್ಲ ಸೇರಿ ಟ್ರ್ಯಾಕ್ಟರನ್ನೇ ನೂಕುತ್ತವೆ. ಅವಳ ಮುಖ ಊದಿತು. ರೈತರು ನಕ್ಕು, ಬಯಲಲ್ಲೇ ನಡಿಗೆಯ ವೇಗದಲ್ಲಿ ದುಂಡಗೆ ಸುತ್ತು ಹೊಡೆಸಿದರು.

"ಅಜ್ಜೀ, ನಮ್ಮ ಎಂಜಿನ್ ಅಲ್ಲಿ ಕಾಣ್ತಿದೆ!" ಎಂದು ಕೊನೆಯ ಬೋಗಿಯಿಂದ ಕೂಗು ಬಂತು.