ಕಟ್ಟಿಲ್ಲದ ಕುದುರೆ ಕಲಿಸುವ ಪಾಠ

ಬೆಂಗಳೂರಿನ ಜಯನಗರ, ಬನಶಂಕರಿಗಳ ಬೀದಿಗಳಲ್ಲಿ ಕುದುರೆ ಇಂದು ಕಾಣಸಿಗುವುದು ಬಹುಮಟ್ಟಿಗೆ ಮದುವೆ ಹಾಗೂ ಉತ್ಸವಗಳ ಮೆರವಣಿಗೆಯಲ್ಲಿ. ಜರತಾರಿ ಹೊದಿಕೆ, ವಾದ್ಯಗಳ ಅಬ್ಬರ, ಪಟಾಕಿಯ ಸದ್ದು ಇವುಗಳ ನಡುವೆ ಅದು ಅಲಂಕಾರದ ವಸ್ತುವಾಗಿ ನಿಂತಿರುತ್ತದೆ. ಮೂರನೆಯ ತೀರ್ಥಂಕರರಾದ ಸಂಭವನಾಥ ಸ್ವಾಮಿಯ ಲಾಂಛನವಾದ ಈ ಪ್ರಾಣಿಗೆ ಗುರುವಿನ ಸ್ಥಾನವನ್ನು ಕೊಟ್ಟ ಪ್ರಯತ್ನವೊಂದು ದೂರದ ಆಸ್ಟ್ರೇಲಿಯಾದಲ್ಲಿ ನಡೆದಿದೆ. ಅಹಿಂಸೆಯನ್ನು ವ್ರತವಾಗಿ ಸ್ವೀಕರಿಸಿದವರು ವಿಚಾರ ಮಾಡತಕ್ಕ ಸಂಗತಿಗಳು ಅದರಲ್ಲಿವೆ.

ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಪ್ರಾಂತ್ಯದಲ್ಲಿ ಬ್ರೂಮ್ ಎಂಬ ಪಟ್ಟಣವಿದೆ. ಅಲ್ಲಿ ರೂಪುಗೊಂಡ ಕಾರ್ಯಕ್ರಮದ ಹೆಸರು 'ಯಾವರ್ದಾನಿ ಜನ್‌ಗಾ'. ಆ ನೆಲದ ಯಾವುರು ಮೂಲನಿವಾಸಿಗಳ ನುಡಿಯಲ್ಲಿ ಇದರ ಅರ್ಥ 'ಕುದುರೆಗಳ ನೆರವು' ಎಂದು. ಇದರ ನೇತೃತ್ವ ವಹಿಸಿದ ಪ್ರಾಧ್ಯಾಪಕಿ ಜೂಲಿ ಕಾಫಿನ್ ಅವರೂ ಮೂಲನಿವಾಸಿ ಸಮುದಾಯದವರೇ. 6ರಿಂದ 26 ವರ್ಷದೊಳಗಿನ ಮಕ್ಕಳು ಮತ್ತು ತರುಣರ ಮನಸ್ಸಿನ ಸ್ವಾಸ್ಥ್ಯವೇ ಇದರ ಗುರಿ. ಇಲ್ಲಿ ಸವಾರಿ ಮುಖ್ಯವಲ್ಲ. ನೆಲದ ಮೇಲೆ ನಿಂತು ಕುದುರೆಯೊಡನೆ ಒಡನಾಡುವುದೇ ಕಲಿಕೆ.

ಆ ಮಕ್ಕಳ ಮನಸ್ಸಿಗೆ ಆಸರೆ ಏಕೆ ಬೇಕಾಯಿತೆಂಬುದಕ್ಕೆ ಇತಿಹಾಸವೇ ಉತ್ತರ ಕೊಡುತ್ತದೆ. 1788ರಲ್ಲಿ ಬ್ರಿಟಿಷರು ಬಂದಿಳಿದಾಗ ಅವರೊಡನೆ ಕುದುರೆಯೂ ಬಂತು. ಕ್ರಮೇಣ ಮೂಲನಿವಾಸಿಗಳ ಭೂಮಿ ಅವರ ಕೈತಪ್ಪಿತು. 1970ರ ದಶಕದವರೆಗೂ ಅನೇಕ ಮಕ್ಕಳನ್ನು ತಾಯಂದಿರಿಂದ ಬೇರ್ಪಡಿಸಿ ಬೇರೆಡೆ ಬೆಳೆಸಲಾಯಿತು. ಈ ಅನ್ಯಾಯಕ್ಕಾಗಿ ಪ್ರಧಾನಿ ಕೆವಿನ್ ರಡ್ 2008ರ ಫೆಬ್ರವರಿ 13ರಂದು ಸಂಸತ್ತಿನಲ್ಲಿ ಕ್ಷಮೆ ಯಾಚಿಸಿದರು. ದನಗಳ ದೊಡ್ಡ ಹಿಡುವಳಿಗಳಲ್ಲಿ ಮೂಲನಿವಾಸಿಗಳು ಅಪ್ರತಿಮ ಸವಾರರಾಗಿ ದುಡಿದರೂ ಅವರಿಗೆ ದೊರೆತದ್ದು ಪಡಿ ಮತ್ತು ಅಲ್ಪ ಕೂಲಿ. 1966ರಲ್ಲಿ ವಿನ್ಸೆಂಟ್ ಲಿಂಗಿಯಾರಿಯವರ ಮುಂದಾಳುತನದಲ್ಲಿ ಗುರಿಂಜಿ ಜನರು ವೇವ್ ಹಿಲ್ ಎಂಬ ಹಿಡುವಳಿಯಲ್ಲಿ ಕೆಲಸ ಬಿಟ್ಟು ಹೊರನಡೆದರು. ಹೀಗೆ ಕುದುರೆಯೆಂದರೆ ಆ ಜನರಿಗೆ ನೋವಿನ ನೆನಪೂ ಹೌದು, ಹೆಮ್ಮೆಯ ನೆನಪೂ ಹೌದು.

ಕುದುರೆ ಕಲಿಸುವ ಬಗೆ ಸರಳವಾದುದು. ಸುಮಾರು 500 ಕಿಲೋ ತೂಗುವ ಪ್ರಾಣಿಯಾದರೂ ಅದು ಸ್ವಭಾವತಃ ಬೇಟೆಗೆ ಗುರಿಯಾಗುವ ಜೀವಿ. ಆದ್ದರಿಂದ ಸದಾ ಎಚ್ಚರದಿಂದಿರುತ್ತದೆ. ಎದುರಿಗಿರುವವರ ನಡೆ, ದನಿ, ಉಸಿರು, ಮೈಯ ಬಿಗುವು ಇವೆಲ್ಲವನ್ನೂ ಅದು ಗಮನಿಸುತ್ತದೆ. ಸಿಟ್ಟಿನಿಂದ ನುಗ್ಗಿದವನಿಗೆ ಕಿವಿಗಳನ್ನು ಹಿಂದಕ್ಕೆ ಮಡಿಸಿ ದೂರ ಸರಿಯುತ್ತದೆ. ಶಾಂತನಾಗಿ ನಿಂತವನ ಕಡೆಗೆ ತಲೆ ತಗ್ಗಿಸಿ ಬರುತ್ತದೆ. ಬೈಗುಳಕ್ಕೂ ಓಲೈಕೆಗೂ ಒಲಿಯದ ಈ ಗುರುವಿನ ಮುಂದೆ ಬಾಲಕನು ಮೊದಲು ತನ್ನ ಕೋಪವನ್ನು ಕಾಣುತ್ತಾನೆ, ಬಳಿಕ ಅದನ್ನು ಇಳಿಸಲು ಕಲಿಯುತ್ತಾನೆ. ಉಪದೇಶದಿಂದ ಬೇಸತ್ತ ಮಕ್ಕಳಿಗೆ ಉಪದೇಶವೇ ಇಲ್ಲದ ಪಾಠ ಇದು.

ಇಲ್ಲಿ ಶ್ರಾವಕನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ಮಾನವನ ಹಿತಕ್ಕಾಗಿ ಇನ್ನೊಂದು ಜೀವಿಯನ್ನು ದುಡಿಸಿಕೊಳ್ಳುವುದು ಯುಕ್ತವೇ? ಅಹಿಂಸಾಣುವ್ರತಕ್ಕೆ 'ತತ್ತ್ವಾರ್ಥಸೂತ್ರ'ವು ಐದು ಅತಿಚಾರಗಳನ್ನು ಹೇಳುತ್ತದೆ. ಪ್ರಾಣಿಯನ್ನು ಬಂಧಿಸುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನ ನೀರನ್ನು ತಡೆಯುವುದು ಇವೇ ಆ ಐದು. ಈ ಕಲಿಕೆಗೂ ಇದೇ ಒರೆಗಲ್ಲು. ಕಟ್ಟಿಹಾಕಿ ದಣಿಸಿದ ಕುದುರೆ ಏನನ್ನೂ ಕಲಿಸಲಾರದು, ಏಕೆಂದರೆ ಅದು ಹತ್ತಿರ ನಿಂತರೂ ಅದರಲ್ಲಿ ವಿಶ್ವಾಸದ ಗುರುತಿಲ್ಲ. ದೂರ ಹೋಗಲು ಸ್ವತಂತ್ರವಾಗಿದ್ದೂ ಹತ್ತಿರ ಬಂದ ಕುದುರೆಯೇ ಬಾಲಕನಿಗೆ ಅವನ ಯೋಗ್ಯತೆಯನ್ನು ತಿಳಿಸಬಲ್ಲದು. ಬೇಡವೆನ್ನುವ ಸ್ವಾತಂತ್ರ್ಯ ಇದ್ದಲ್ಲಿ ಮಾತ್ರ ನೆರವು ನೆರವಾಗುತ್ತದೆ.

ಈ ಮಾತು ಮನುಷ್ಯರಿಗೂ ಸಲ್ಲುತ್ತದೆ. ನಮ್ಮ ರಾಜ್ಯದಲ್ಲಿ ನಾಗರಹೊಳೆ, ಬಂಡೀಪುರಗಳ ಅರಣ್ಯ ಸಂರಕ್ಷಣೆಯ ಸಲುವಾಗಿ ಜೇನುಕುರುಬ, ಕಾಡುಕುರುಬ ಕುಟುಂಬಗಳು ತಮ್ಮ ಹಾಡಿಗಳನ್ನು ತೊರೆಯಬೇಕಾಯಿತು. ಆನೆ ಶಿಬಿರಗಳಲ್ಲಿ ಮಾವುತರಾಗಿರುವ ಜೇನುಕುರುಬರಿಗೆ ಪ್ರಾಣಿಯ ಮನಸ್ಸನ್ನು ತಿಳಿಯುವ ವಿದ್ಯೆ ತಲೆಮಾರುಗಳಿಂದ ಬಂದಿದೆ. ಅಂಥವರ ಮಕ್ಕಳಿಗೆ ವಸ್ತ್ರವನ್ನೋ ಪುಸ್ತಕವನ್ನೋ ದಾನ ಮಾಡುವವರು, ಅವರಿಗೆ ಬೇಕಾದುದೇನೆಂದು ಹಿರಿಯರನ್ನು ಮೊದಲು ಕೇಳುವುದುಂಟೇ? ಬ್ರೂಮ್‌ನ ಕಾರ್ಯಕ್ರಮ ಆ ಜನರ ನುಡಿಯಲ್ಲೇ ಹೆಸರು ಪಡೆದು, ಅವರವರ ಮುಂದಾಳುತನದಲ್ಲೇ ನಡೆಯಿತು. ಕೇಳದೆ ಕೊಟ್ಟ ದಾನದಲ್ಲಿ ಕೊಡುವವನ ಹೆಸರು ಬೆಳೆಯಬಹುದು, ಪಡೆಯುವವನ ಮಾನ ಬೆಳೆಯದು.

ಕುದುರೆ ವೈದ್ಯನಿಗೆ ಬದಲಿಯಲ್ಲವೆಂಬ ಎಚ್ಚರವೂ ಬೇಕು. ಮಗುವಿನ ಮನಸ್ಸು ಕುಗ್ಗಿದಾಗ ಮರೆಮಾಚದೆ ತಜ್ಞರಲ್ಲಿಗೆ ಕರೆದೊಯ್ಯುವುದು ತಂದೆ ತಾಯಿಯರ ಕರ್ತವ್ಯ. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆ ದಕ್ಷಿಣ ಬೆಂಗಳೂರಿನ ಕುಟುಂಬಗಳಿಗೆ ಹೊಸೂರು ರಸ್ತೆಯಲ್ಲೇ ಇದೆ.

ಇನ್ನು ಬಸದಿಗಳ ಟ್ರಸ್ಟುಗಳು ಮುಂದಿನ ಉತ್ಸವಕ್ಕೆ ಕುದುರೆಯನ್ನು ಗೊತ್ತುಮಾಡುವ ಮುನ್ನ ಆ ಐದು ಅತಿಚಾರಗಳನ್ನು ಒಮ್ಮೆ ಓದಿಕೊಳ್ಳಲಿ. ಅದಕ್ಕೆ ನೀರು ಕೊಟ್ಟವರಾರು, ಎಷ್ಟು ಹೊತ್ತಿನಿಂದ ನಿಂತಿದೆ, ಪಟಾಕಿಯ ಬಳಿ ಅದನ್ನು ನಿಲ್ಲಿಸಿದವರಾರು ಎಂದು ವಿಚಾರಿಸಲಿ. ಉತ್ತರ ತೃಪ್ತಿಕರವಾಗಿರದಿದ್ದರೆ ಕುದುರೆಯಿಲ್ಲದೆಯೇ ಮೆರವಣಿಗೆ ಹೊರಡಲಿ. ಅದರಿಂದ ಉತ್ಸವದ ಶೋಭೆ ಕುಂದದು.